ಬೆಟ್ಟ ಹತ್ತೋದು, ವೈನ್ ಕುಡಿಯೋದು: ಎರಡೂ ಒಂದೇ ದಿನ ಆಗುತ್ತಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಇಟಲಿಯ ಆಲ್ಪ್ಸ್ ಬೆಟ್ಟಸೀಮೆಯಾದ ಸೌತ್ ಟಿರೋಲ್‌ಗೆ ಹೊರಟಿದ್ದೇವೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ದಿನಾ ನಡಿಗೆ, ದಿನಾ ವೈನ್ ಟೇಸ್ಟಿಂಗ್. ನಮಗೆ ಎರಡೂ ಅಷ್ಟಾಗಿ ಅಭ್ಯಾಸ ಇಲ್ಲ, ಸಸ್ಯಾಹಾರಿಗಳು ಬೇರೆ. ಕುಡಿದುಕೊಂಡು ಬೆಟ್ಟ ಹತ್ತೋದು ಹೇಗೆ ಸ್ವಾಮಿ?

ಉತ್ತರ: ಆಗುತ್ತೆ. ಆದರೆ ನೀವು ಅಂದುಕೊಂಡಿರೋ ಬೆಟ್ಟದಲ್ಲಿ ಅಲ್ಲ.

ಆಲ್ಪ್ಸ್ ಅಂದ ಕೂಡಲೇ ನಮಗೆಲ್ಲ ಹಿಮದ ಶಿಖರ ನೆನಪಾಗುತ್ತೆ, ಬ್ರೋಷರ್‌ನವರು ಅದರ ಮುಂದೆ ಒಂದು ವೈನ್ ಗ್ಲಾಸನ್ನೂ ಇಟ್ಟು ಫೋಟೋ ಹಾಕಿರ್ತಾರೆ. ದ್ರಾಕ್ಷಿ ಬಳ್ಳಿ ಅಷ್ಟು ಎತ್ತರದಲ್ಲಿ ಬೆಳೆಯೋದೇ ಇಲ್ಲ. ಆ ಪ್ರದೇಶ ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕಿದೆ, ಸ್ವಲ್ಪ ಮೇಲೆ ಹೋದರೂ ಚಳಿ ಜಾಸ್ತಿ, ಹಣ್ಣು ಮಾಗೋದಿಲ್ಲ. ಹಾಗಾಗಿ ತೋಟಗಳೆಲ್ಲ ಹೆಚ್ಚುಕಡಿಮೆ 200ರಿಂದ 1,000 ಮೀಟರ್ ಎತ್ತರದೊಳಗೇ ಇವೆ. ಅಲ್ಲಿನ ದೊಡ್ಡ ಊರು ಬೋಲ್ಜಾನೊ ಇರೋದು ಸುಮಾರು 260 ಮೀಟರ್‌ನಲ್ಲಿ. ನಿಮ್ಮ ಬೆಂಗಳೂರು 900 ಮೀಟರ್ ದಾಟಿದೆ. ಅಂದರೆ ನೀವು ವೈನ್ ರುಚಿ ನೋಡೋ ಜಾಗಗಳಲ್ಲಿ ಬಹುಪಾಲು ನಿಮ್ಮ ಮನೆಗಿಂತ ತಗ್ಗಿನಲ್ಲಿವೆ!

ಆದ್ದರಿಂದ ಮೊದಲ ಕೆಲಸ, ಟೂರ್‌ನವರ ಪಟ್ಟಿಯನ್ನು ಎರಡು ಭಾಗ ಮಾಡಿ. ಡೊಲೊಮೈಟ್ಸ್ ಅನ್ನೋ ಕಡಿದಾದ ಬೆಟ್ಟಸಾಲಿನ ಕಡೆಯ ಎರಡು ಸಾವಿರ ಮೀಟರ್ ದಾಟೋ ದಾರಿಗಳಿದ್ದರೆ ಆ ದಿನ ವೈನ್ ಬೇಡ. ಸಂಜೆ ಹೋಟೆಲಿಗೆ ಬಂದ ಮೇಲೆ ಊಟದ ಜೊತೆ ಒಂದು ಗ್ಲಾಸು, ಅಷ್ಟೇ. ಕಲ್ಲುಜಲ್ಲಿಯ ಇಳಿಜಾರಿನಲ್ಲಿ ಕಾಲು ಜಾರೋದಕ್ಕೆ ಕುಡಿದಿರಲೇಬೇಕು ಅಂತಿಲ್ಲ, ಕುಡಿದಿದ್ದರೆ ಇನ್ನೂ ಸಲೀಸು. ಉಳಿದ ದಿನಗಳನ್ನು ಕೆಳಗಿನ ತೋಟದ ದಾರಿಗಳಿಗೆ ಇಟ್ಟುಕೊಳ್ಳಿ.

ಅಭ್ಯಾಸ ಇಲ್ಲದವರಿಗೆ ಮೆರಾನ್ ಊರಿನ ಸುತ್ತಮುತ್ತಲ ಕಾಲುವೆ ದಾರಿಗಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಪಕ್ಕದ ಫಿನ್ಷ್‌ಗಾವ್ ಕಣಿವೆಯಲ್ಲಿ ಮಳೆ ಕಡಿಮೆ, ಆಲ್ಪ್ಸ್‌ನಲ್ಲೇ ಅತಿ ಒಣ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ರೈತರು ನೂರಾರು ವರ್ಷಗಳ ಹಿಂದೆಯೇ ಬೆಟ್ಟದ ಹೊಳೆಗಳಿಂದ ಬೆಟ್ಟದ ಮೈಗುಂಟ ಕಾಲುವೆ ತೋಡಿ ಹೊಲ ತೋಟಗಳಿಗೆ ನೀರು ತಂದರು. ಇವನ್ನು ಅಲ್ಲಿ 'ವಾಲ್' ಅಂತಾರೆ. ನೀರು ನಿಧಾನಕ್ಕೆ ಹರೀಲಿ ಅಂತ ಇಳಿಜಾರು ತೀರಾ ಕಮ್ಮಿ ಇಟ್ಟಿದ್ದಾರೆ. ಕಾಲುವೆ ಕಾಯೋನು ಓಡಾಡೋಕೆ ಪಕ್ಕದಲ್ಲೇ ಒಂದು ಕಾಲುದಾರಿ. ಈಗ ನಾವು ನಡೆಯೋದು ಅದೇ ದಾರಿಯಲ್ಲಿ, ಅವರ ಲೆಕ್ಕಾಚಾರದ ಲಾಭ ನಮ್ಮ ಮಂಡಿಗೆ. ಮಾರ್ಲಿಂಗ್ ಕಾಲುವೆ ದಾರಿ ಸುಮಾರು 12 ಕಿಲೋಮೀಟರ್, ಹತ್ತೋದು ಇಳಿಯೋದು ಇಲ್ಲ ಅಂದರೂ ನಡೆಯುತ್ತೆ.

ಇಂಥ ಕಾಲುವೆಗಳಲ್ಲಿ ಕೆಲವು ಕಡೆ ಒಂದು ಪುಟ್ಟ ಮರದ ಚಕ್ರ ಕಾಣುತ್ತೆ. ನೀರು ಅದನ್ನು ತಿರುಗಿಸುತ್ತೆ, ಚಕ್ರ ತಿರುಗಿದಂತೆ ಸುತ್ತಿಗೆ ಎದ್ದು ಗಂಟೆಗೆ ಬಡಿಯುತ್ತೆ, ಟಣ್, ಟಣ್ ಅಂತ. ಅಲಂಕಾರಕ್ಕಲ್ಲ. ಗಂಟೆ ಕೇಳಿಸ್ತಾ ಇದ್ದರೆ ನೀರು ಸರಿಯಾಗಿ ಹರೀತಾ ಇದೆ ಅಂತ ಅರ್ಥ. ಸದ್ದು ನಿಂತರೆ ಮೇಲೆಲ್ಲೋ ಎಲೆ ಕಸ ಕಟ್ಟಿದೆ, ಇಲ್ಲಾ ದಂಡೆ ಒಡೆದಿದೆ, ಕಾಯೋನು ಗುದ್ದಲಿ ಎತ್ತಿಕೊಂಡು ಹೊರಡಬೇಕು. ನಿಂತು ಒಂದು ಐದು ನಿಮಿಷ ನೋಡಿ. ನನ್ನ ಕೇಳಿದರೆ ಅರ್ಧ ಟೇಸ್ಟಿಂಗ್ ಬಿಟ್ಟರೂ ಇದನ್ನು ಬಿಡಬಾರದು.

ಇನ್ನೊಂದು ವಿಷಯ ನಮ್ಮವರಿಗೆ ಖುಷಿ ಕೊಡುತ್ತೆ. ಫೆರ್ನಾಟ್ಶ್ ಅನ್ನೋ ಅಲ್ಲಿನ ಹಳೇ ಕೆಂಪು ತಳಿಯನ್ನು ಇವತ್ತಿಗೂ ಬಹಳಷ್ಟು ಕಡೆ ಮರದ ಚಪ್ಪರಕ್ಕೆ ಹಬ್ಬಿಸ್ತಾರೆ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ ನೋಡಿದವರಿಗೆ ಗುರುತು ಸಿಗುತ್ತೆ, ಅಲ್ಲಿಯದು ಬೆಟ್ಟದ ಇಳಿಜಾರಿಗೆ ತಕ್ಕ ಹಾಗೆ ವಾಲಿಕೊಂಡಿರುತ್ತೆ ಅನ್ನೋದೊಂದೇ ವ್ಯತ್ಯಾಸ. ದಾರಿ ಕೆಲವು ಕಡೆ ಚಪ್ಪರದ ಅಂಚಿನಲ್ಲೇ ಹೋಗುತ್ತೆ, ಗೊಂಚಲು ತಲೆಗೆ ತಾಗೋ ಹಾಗಿರುತ್ತೆ. ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ. ಅದು ಒಬ್ಬರ ಬೆಳೆ.

ಈಗ ಕುಡಿಯೋ ಲೆಕ್ಕ. ಟೇಸ್ಟಿಂಗ್‌ನಲ್ಲಿ ಒಂದು ಸಲಕ್ಕೆ ಸುಮಾರು 40 ಎಂಎಲ್ ಹಾಕ್ತಾರೆ ಅಂತಿಟ್ಟುಕೊಳ್ಳಿ. ಗ್ಲಾಸಿನ ತಳದಲ್ಲಿ ಸುಮ್ನೆ ಒಂಚೂರು ಕಾಣುತ್ತೆ, ಇದೇನು ಮಹಾ ಅನಿಸುತ್ತೆ. ಆರು ಥರ ನೋಡಿದರೆ 240 ಎಂಎಲ್, ಹತ್ತಿರ ಹತ್ತಿರ ಬಾಟಲಿಯ ಮೂರನೇ ಒಂದು ಭಾಗ. ವೈನ್‌ನಲ್ಲಿ ಶೇಕಡಾ 13 ಆಲ್ಕೋಹಾಲ್ ಅಂದರೆ ಹೊಟ್ಟೆಗೆ ಹೋಗಿದ್ದು ಸುಮಾರು 31 ಎಂಎಲ್ ಆಲ್ಕೋಹಾಲ್. ನಮ್ಮ ಬಾರ್ ಲೆಕ್ಕದಲ್ಲಿ ಅದು ಎರಡೂವರೆ ಸಣ್ಣ ಪೆಗ್ ವಿಸ್ಕಿಗೆ ಸಮ. ಅಭ್ಯಾಸ ಇಲ್ಲದವರು ಬೆಳಿಗ್ಗೆ ಹನ್ನೊಂದಕ್ಕೆ, ಬೆವರು ಸುರಿಸಿಕೊಂಡು ಬಂದು, ಖಾಲಿ ಹೊಟ್ಟೆಗೆ ಇದನ್ನು ಇಳಿಸಿದರೆ ತಲೆ ತಿರುಗದೆ ಇನ್ನೇನಾಗುತ್ತೆ?

ಅದಕ್ಕೇ ಕ್ರಮ ಬದಲಿಸಿ. ಒಂಬತ್ತಕ್ಕೆ ಹೊರಡಿ, ಮಧ್ಯಾಹ್ನದೊಳಗೆ ನಡಿಗೆ ಮುಗಿಸಿ, ಚೆನ್ನಾಗಿ ಊಟ ಮಾಡಿ, ನೀರು ಕುಡಿಯಿರಿ, ಮೂರರ ಮೇಲೆ ಟೇಸ್ಟಿಂಗ್. ಅದೂ ಬಸ್ ಸ್ಟಾಪ್ ಹತ್ತಿರ ಇರೋ ಜಾಗದಲ್ಲಿ. ಗೆವುರ್ಟ್ಸ್‌ಟ್ರಾಮಿನರ್ ದ್ರಾಕ್ಷಿಯ ಜೊತೆ ಹೆಸರು ಹಂಚಿಕೊಂಡಿರೋ ಟ್ರಾಮಿನ್ ಊರಾಗಲಿ, ಕೆರೆ ಪಕ್ಕದ ಕಾಲ್ಟರ್ನ್ ಆಗಲಿ ಇದಕ್ಕೆ ಸರಿಯಾಗಿವೆ. ಅಲ್ಲಿ ಸಣ್ಣ ಹಿಡುವಳಿಯ ರೈತರೇ ಜಾಸ್ತಿ, ಅವರ ದ್ರಾಕ್ಷಿಯಿಂದ ವೈನ್ ಮಾಡಿ ಮಾರೋದು ಬಹುತೇಕ ಸಹಕಾರ ಸಂಘಗಳೇ. ಒಂದೇ ಕಡೆ ಹತ್ತಾರು ಥರ ಸಿಗುತ್ತೆ, ದುಬಾರಿ ಎಸ್ಟೇಟ್‌ಗೇ ಹೋಗಬೇಕಂತಿಲ್ಲ. ಭಾನುವಾರ ಬಾಗಿಲು ಹಾಕಿರೋದೂ ಉಂಟು, ಮೊದಲೇ ವಿಚಾರಿಸಿಕೊಳ್ಳಿ.

ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಿರ್ತಾರೆ. ಅದು ಉಗುಳೋಕೆ. ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಂಡಿದ್ದನ್ನು ಎಲ್ಲರ ಎದುರು ಉಗುಳೋದಾ ಅಂತ ಸಂಕೋಚ ಆಗುತ್ತೆ, ಗೊತ್ತು. ವೈನ್ ಮಾಡೋರೇ ದಿನಾ ಉಗುಳ್ತಾರೆ, ಯಾರೂ ನಿಮ್ಮನ್ನು ನೋಡಿ ನಗಲ್ಲ. ಆಗಲ್ಲ ಅನಿಸಿದರೆ ಒಂದು ಗುಟುಕು ಕುಡಿದು ಮಿಕ್ಕಿದ್ದನ್ನು ಡಬ್ಬಿಗೆ ಸುರಿದುಬಿಡಿ.

ಕಾರು ಬಾಡಿಗೆಗೆ ತಗೋಬೇಡಿ. ಇಟಲಿಯಲ್ಲಿ ಗಾಡಿ ಓಡಿಸೋರಿಗೆ ಮಿತಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ಅದು ಬೇಗ ದಾಟುತ್ತೆ. ಅಲ್ಲಿನ ಬಹಳಷ್ಟು ಹೋಟೆಲ್‌ಗಳು ಅತಿಥಿಗಳಿಗೆ ಒಂದು ಕಾರ್ಡ್ ಕೊಡ್ತಾರೆ, ಅದನ್ನು ತೋರಿಸಿದರೆ ಆ ಪ್ರಾಂತ್ಯದ ಬಸ್ಸು, ರೈಲು ಪುಕ್ಕಟೆ. ರೂಮ್ ಬುಕ್ ಮಾಡುವಾಗಲೇ ಕೇಳಿ.

ನೀವು ಅಕ್ಟೋಬರ್ ಅಂದಿರಿ. ಹಾಗಾದರೆ ಒಂದು ಸಂಜೆ ಮಾತ್ರ ಮೇಲಿನ ಕ್ರಮ ಮುರೀಬಹುದು, ಯಾಕಂದರೆ ಅದು 'ಟೋರ್ಗೆಲೆನ್' ಕಾಲ. ಕೊಯ್ಲು ಮುಗಿದ ಮೇಲೆ ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ, ಅದರಲ್ಲೂ ಐಸಾಕ್ ಕಣಿವೆಯಲ್ಲಿ, ಬೆಟ್ಟದ ಮೇಲಿನ ರೈತರ ಮನೆಗಳಿಗೆ ನಡೆದುಕೊಂಡು ಹೋಗಿ ಹೊಸ ವೈನ್ ಕುಡಿದು, ಸುಟ್ಟ ಚೆಸ್ಟ್‌ನಟ್ ತಿಂದು ಬರೋ ಪದ್ಧತಿ. ಬ್ರಿಕ್ಸೆನ್ ಊರಿನ ಪಕ್ಕದ ನೊಯ್‌ಸ್ಟಿಫ್ಟ್ ಮಠದಿಂದ ಬೋಲ್ಜಾನೊವರೆಗೆ ಚೆಸ್ಟ್‌ನಟ್ ಮರಗಳ ನಡುವೆ ಒಂದು ಉದ್ದದ ದಾರಿ ಇದೆ, ಕೆಶ್ಟನ್‌ವೇಗ್ ಅಂತ. 1142ರಲ್ಲಿ ಶುರುವಾದ ಆ ಮಠದವರು ಈಗಲೂ ವೈನ್ ಮಾಡ್ತಾರೆ. ಪೂರ್ತಿ ನಡೆಯೋಕೆ ಹೋಗಬೇಡಿ, ಒಂದು ತುಂಡು ಸಾಕು.

ಅಲ್ಲಿ ಮೊದಲು ತಂದಿಡೋದು 'ಸೂಸರ್', ಇನ್ನೂ ಹುದುಗ್ತಾ ಇರೋ ರಸ. ಬೆಳಿಗ್ಗೆ ಇಳಿಸಿದ ನೀರಾ ಹೊತ್ತು ಏರಿದ ಹಾಗೆ ಸೇಂದಿ ಆಗುತ್ತಲ್ಲ, ಆ ನಡುವಿನ ಸ್ಥಿತಿ. ಮಂಕು ಬಣ್ಣ, ಸಿಹಿ, ಗುಳ್ಳೆ. ಜ್ಯೂಸ್ ಥರ ಇಳಿಯುತ್ತೆ, ಹಾಗಂತ ಮೋಸ ಹೋಗಬೇಡಿ. ಊಟದಲ್ಲಿ, ಹಿಟ್ಟಿನಲ್ಲಿ ಮೊಟ್ಟೆ ಇದ್ದರೂ ಆಗುತ್ತೆ ಅಂದರೆ, ನಿಮಗೆ ಸರಿಹೋಗೋದು ಶ್ಲುಟ್ಸ್‌ಕ್ರಾಪ್‌ಫೆನ್, ಪಾಲಕ್ ಮತ್ತು ಹಸಿ ಚೀಸ್ ತುಂಬಿ ಬೇಯಿಸಿ ಮೇಲೆ ಬೆಣ್ಣೆ ಸುರಿದ ಅರ್ಧಚಂದ್ರಾಕಾರದ ಕಡುಬು. ಬಾರ್ಲಿ ಸೂಪ್ ನೋಡೋಕೆ ಸಾಧು, ಒಳಗೆ ಹಂದಿ ಮಾಂಸದ ಚೂರು ಇರೋದೇ ಜಾಸ್ತಿ. ಹುಳಿ ಎಲೆಕೋಸಿನಲ್ಲೂ ಅಷ್ಟೇ, ಕ್ನೋಡೆಲ್ ಅನ್ನೋ ಉಂಡೆಯಲ್ಲೂ ಅಷ್ಟೇ. ಸ್ಪೆಕ್, ಅಂದರೆ ಹೊಗೆ ಹಾಕಿದ ಹಂದಿ ಮಾಂಸ, ಇದೆಯಾ ಅಂತ ಪ್ರತಿಯೊಂದಕ್ಕೂ ಕೇಳಿ. ಚೆಸ್ಟ್‌ನಟ್ ಎಷ್ಟು ಬೇಕಾದರೂ ತಿನ್ನಿ.

ವಾಪಸ್ ಇಳಿಯೋದು ಕತ್ತಲಲ್ಲಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆಮೇಲೆ ಐದು ಗಂಟೆಗೆಲ್ಲ ಬೆಳಕು ಹೋಗುತ್ತೆ. ಒದ್ದೆ ಎಲೆ, ಚೆಸ್ಟ್‌ನಟ್‌ನ ಮುಳ್ಳು ಸಿಪ್ಪೆ, ಎಲ್ಲಾ ಜಾರುತ್ತೆ. ತಲೆಗೆ ಕಟ್ಟೋ ಟಾರ್ಚ್ ಇಟ್ಟುಕೊಳ್ಳಿ, ಮೊಬೈಲ್ ಬೆಳಕು ನೆಚ್ಚಬೇಡಿ. ಬಸ್ ನಿಲ್ಲೋ ಊರಿಗೆ ಅರ್ಧ ಗಂಟೆಯೊಳಗೆ ಇಳಿಯೋ ಹಾಗಿರೋ ಮನೆಯನ್ನೇ ಆರಿಸಿ, ಕೊನೆ ಬಸ್ ಎಷ್ಟಕ್ಕೆ ಅಂತ ಹತ್ತೋ ಮೊದಲೇ ನೋಡಿಡಿ. ಫಲಕಗಳಲ್ಲಿ ದೂರದ ಬದಲು ಎಷ್ಟು ಹೊತ್ತು ಅಂತ ಬರೆದಿರ್ತಾರೆ. ಅದು ಬೆಟ್ಟದವರ ಕಾಲಿನ ಲೆಕ್ಕ, ನೀವು ಅದರ ಒಂದೂವರೆ ಪಟ್ಟು ಹಿಡಿಯಿರಿ.

ಬಾಟಲಿ ತರೋ ಆಸೆ ಇದ್ದರೆ, ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್‌ವರೆಗೆ ಬಿಡ್ತಾರೆ. 750 ಎಂಎಲ್‌ನವು ತಲಾ ಎರಡು. ಚೆಕ್-ಇನ್ ಬ್ಯಾಗಿನಲ್ಲಿ, ನಡೆದು ಕೊಳೆಯಾದ ದಪ್ಪ ಸಾಕ್ಸ್‌ಗಳಲ್ಲಿ ಸುತ್ತಿ ಇಡಿ.