ಇಸುಬಿಗೆ ಇಂಜೆಕ್ಷನ್: ಮೊದಲು ಬರುವುದು ನಿದ್ದೆ

ಹಳೆಯ ಇಸುಬು ಇರುವವರ ಹಾಸಿಗೆಯನ್ನು ಬೆಳಗ್ಗೆ ನೋಡಬೇಕು. ಹೊಟ್ಟಿನ ಹಾಗೆ ಉದುರಿದ ಚರ್ಮ, ಅಲ್ಲಲ್ಲಿ ರಕ್ತದ ಚುಕ್ಕೆ. ಉಗುರು ಎಷ್ಟೇ ಚಿಕ್ಕದಾಗಿ ಕತ್ತರಿಸಿದರೂ ನಿದ್ದೆಗಣ್ಣಲ್ಲಿ ಕೆರೆದುಕೊಂಡಿರುತ್ತಾರೆ. ಇಂಜೆಕ್ಷನ್ ಶುರುವಾದ ಮೇಲೆ ಹೇಗಿದೆ ಅಂತ ಕೇಳಿದರೆ ಎಷ್ಟೋ ಜನ ಮೊದಲು ನಿದ್ದೆಯ ಸುದ್ದಿ ಹೇಳುತ್ತಾರೆ. ಕಲೆಗಳು ಹಾಗೇ ಇರುತ್ತವೆ, ತುರಿಕೆ ಮಾತ್ರ ತಗ್ಗಿರುತ್ತದೆ.

ಇಸುಬಿನಲ್ಲಿ ನಮ್ಮದೇ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂದೇಶಗಳನ್ನು ಜಾಸ್ತಿ ಕಳಿಸುತ್ತವೆ. ಇವು ಉರಿಯೂತ ಎಬ್ಬಿಸುತ್ತವೆ, ಚರ್ಮದ ಗೋಡೆ ಸಡಿಲ ಮಾಡುತ್ತವೆ, ತುರಿಕೆಯ ನರಗಳನ್ನೂ ಕೆಣಕುತ್ತವೆ. ಡುಪಿಲುಮಾಬ್ ಎಂಬ ಔಷಧ ಆ ಸಂದೇಶಗಳು ಬಂದು ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಅಮೆರಿಕದಲ್ಲಿ ಇದಕ್ಕೆ 2017ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಬಂದ ಟ್ರಾಲೊಕಿನುಮಾಬ್, ಲೆಬ್ರಿಕಿಜುಮಾಬ್ 13ನ್ನು ಮಾತ್ರ ತಡೆಯುತ್ತವೆ.

ಮಾತ್ರೆ ಯಾಕಿಲ್ಲ? ಇದು ಪ್ರತಿಕಾಯ, ಅಂದರೆ ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನೂ ಊಟದ ಹಾಗೆ ಅರಗಿಸಿಬಿಡುತ್ತದೆ.

ವಯಸ್ಕರಿಗೆ ಡುಪಿಲುಮಾಬ್ ಮೊದಲ ದಿನ ಎರಡು ಚುಚ್ಚು, ಆಮೇಲೆ ಎರಡು ವಾರಕ್ಕೊಂದು. ಕಲಿತ ಮೇಲೆ ತೊಡೆಗೋ ಹೊಟ್ಟೆಗೋ ಮನೆಯಲ್ಲೇ ಹಾಕಿಕೊಳ್ಳಬಹುದು. ಫ್ರಿಜ್‌ನಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಡಬೇಕು. ಅವಸರದಲ್ಲಿ ತಣ್ಣಗಿದ್ದಾಗಲೇ ಚುಚ್ಚಿಕೊಂಡರೆ ಉರಿ ಜಾಸ್ತಿ. ಬಿಸಿನೀರಿಗೆ ಹಾಕುವ ಜಾಣತನ ಮಾತ್ರ ಬೇಡ, ಔಷಧ ಕೆಡುತ್ತದೆ. ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್ ಪೆನ್ನಿನಲ್ಲಿ ಸೂಜಿ ಕಾಣಿಸುವುದಿಲ್ಲ, ಆದರೆ ವೇಗ ನಮ್ಮ ಕೈಯಲ್ಲಿಲ್ಲ. ಸಿರಿಂಜ್ ಆದರೆ ಮೆಲ್ಲಗೆ ಒತ್ತಬಹುದು. ಅದಕ್ಕೇ ಕೆಲವರು ಸಿರಿಂಜೇ ವಾಸಿ ಅನ್ನುತ್ತಾರೆ.

ಇದನ್ನು ಪವಾಡ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. 2016ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ 16 ವಾರಗಳ ನಂತರ ಚರ್ಮ ಪೂರ್ತಿ ಅಥವಾ ಬಹುಪಾಲು ತಿಳಿಯಾದದ್ದು 10ರಲ್ಲಿ ಸುಮಾರು 4 ಜನರಿಗೆ. ಔಷಧವಿಲ್ಲದ ಸುಮ್ನೆ ಚುಚ್ಚು ಪಡೆದವರಲ್ಲಿ ಅದು ಸುಮಾರು ಒಬ್ಬರಿಗೆ. ಉಳಿದವರಲ್ಲೂ ಹಲವರಿಗೆ ಗುಣ ಕಂಡಿತು, ಆದರೆ ಚರ್ಮ ಅಷ್ಟು ತಿಳಿಯಾಗಲಿಲ್ಲ.

ಇನ್ನು ಕಣ್ಣಿನ ಕಾಟ. ಚರ್ಮ ತಣ್ಣಗಾಗುವ ಹೊತ್ತಿಗೆ ಕೆಲವರ ಕಣ್ಣು ಕೆಂಪಾಗಿ, ಮರಳು ಬಿದ್ದ ಹಾಗೆ ಚುರುಗುಟ್ಟುತ್ತದೆ. ಇದೇ ಔಷಧ ಪಡೆದ ಅಸ್ತಮಾ ರೋಗಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಿಸಲಿಲ್ಲ, ವಿಚಿತ್ರ ಅಲ್ವಾ? ಹೆಚ್ಚಿನವರಿಗೆ ಕಣ್ಣಿನ ಹನಿಯಲ್ಲೇ ಹತೋಟಿಗೆ ಬರುತ್ತದೆ. ನೋವಾದರೆ ಅಥವಾ ಮಂಜಾದರೆ ಕಾಯದೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ತಿಂಗಳುಗಟ್ಟಲೆ ಚೆನ್ನಾಗಿ ನಿದ್ದೆ ಮಾಡಿದ ಮೇಲೆ 'ಇನ್ಯಾಕೆ ಈ ಸೂಜಿ' ಅನ್ನಿಸುತ್ತದೆ. ಡಾಕ್ಟರನ್ನು ಕೇಳದೆ ಬಿಟ್ಟವರೂ ಇದ್ದಾರೆ. ಆದರೆ ಔಷಧ ಮೈಯಿಂದ ಇಳಿದ ಮೇಲೆ ಹಲವರಲ್ಲಿ ತುರಿಕೆ ಮರಳುತ್ತದೆ. ಟವೆಲ್ ತೆಗೆದರೆ ಸೀಟು ಖಾಲಿ, ಸಂದೇಶಗಳು ಇನ್ನೂ ಬರುತ್ತಲೇ ಇರುತ್ತವೆ.