ಕಂಡಕ್ಟರ್ ಹಾರ್ಟು, ಡ್ರೈವರ್ ಹಾರ್ಟು

ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಿಂದ ಹೊರಡೋ ಯಾವ ಬಸ್ ಬೇಕಾದ್ರೂ ಹತ್ತಿ ನೋಡಿ. ಡ್ರೈವರ್ ಸೀಟಲ್ಲೇ ಕೂತಿರ್ತಾರೆ, ಕಂಡಕ್ಟರ್ ಮಾತ್ರ "ಒಳಗ್ ಬನ್ನಿ ಸಾರ್, ಮಧ್ಯ ಖಾಲಿ ಇದೆ, ಚಿಲ್ರೆ ಕೊಡಿ" ಅಂತ ಜನರ ಮಧ್ಯೆ ನುಗ್ಗಿಕೊಂಡು ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡ್ತಾನೇ ಇರ್ತಾರೆ. ಇಬ್ರಿಗೂ ಅದೇ ಬಸ್ಸು, ಅದೇ ಹೊಗೆ, ಅದೇ ಟ್ರಾಫಿಕ್ಕು, ಡಿಪೋ ಮುಂದಿನ ಅದೇ ಟೀ. ಹಾಗಾದ್ರೆ ಹಾರ್ಟ್ ಅಟ್ಯಾಕ್ ಆಗೋದು ಯಾರಿಗೆ ಜಾಸ್ತಿ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್‌ನಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟರ್ ಸರಿಯಾಗಿ ಇದೇ ಲೆಕ್ಕ ಹಾಕೋಕೆ ಕೂತ್ರು. ಅಲ್ಲಿ ಹೆಚ್ಚಾಗಿ ಡಬಲ್ ಡೆಕ್ಕರ್ ಬಸ್ಸು (ನಮ್ಮ ಬೆಂಗಳೂರಿನ ಹಳೇ ಬಿಟಿಎಸ್ ಬಸ್ಸಲ್ಲೂ ಇದ್ವಲ್ಲ), ಕಂಡಕ್ಟರ್ ಟಿಕೆಟ್ ಹರೀತಾ ದಿನಕ್ಕೆ ಐನೂರು ಆರುನೂರು ಮೆಟ್ಟಿಲು ಹತ್ತಬೇಕು, ಡ್ರೈವರ್ ಶಿಫ್ಟಿನ ಬಹುಪಾಲು ಕೂತೇ ಇರ್ಬೇಕು. 1953ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ರಿಸಲ್ಟ್ ಬಂತು: ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಡ್ರೈವರ್‌ಗಳಿಗಿಂತ ಕಮ್ಮಿ, ಬಂದ್ರೂ ತಡವಾಗಿ ಬರುತ್ತೆ, ಬಂದಾಗ್ಲೂ ಸಾಯೋರು ಕಮ್ಮಿ. ಅಯ್ಯೋ ದಪ್ಪಗಿರೋರೇ ಡ್ರೈವರ್ ಕೆಲಸಕ್ಕೆ ಸೇರ್ತಾರೇನೋ ಅಂತ ಯಾರಾದ್ರೂ ಕೇಳೇ ಕೇಳ್ತಾರೆ ಅಲ್ವಾ, ಅದಕ್ಕೆ ಮಾರಿಸ್ ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆ ತರಿಸ್ಕೊಂಡು 1956ರಲ್ಲಿ ಇನ್ನೊಂದು ಪೇಪರ್ ಬರೆದ್ರು. ಡ್ರೈವರ್‌ಗಳ ಸೊಂಟ ದಪ್ಪ ಇದ್ದಿದ್ದು ನಿಜ, ಆದ್ರೆ ತೆಳ್ಳಗಿರೋರನ್ನ ತೆಳ್ಳಗಿರೋರ ಜೊತೆ, ದಪ್ಪಗಿರೋರನ್ನ ದಪ್ಪಗಿರೋರ ಜೊತೆ ಹೋಲಿಸಿದ್ರೂ ಕಂಡಕ್ಟರೇ ಕ್ಷೇಮ. ಪ್ಯಾಂಟಿನ ಅಳತೆಯಿಂದ ವಿಜ್ಞಾನ ಮಾಡಿದ ಈ ಮನುಷ್ಯ ನಂಗಂತೂ ತುಂಬಾ ಇಷ್ಟ.

ಈ ಕಥೇಲಿ ಯಾವ ಕಂಡಕ್ಟರೂ "ಎಕ್ಸರ್‌ಸೈಜ್" ಮಾಡಿಲ್ಲ. ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟಿಲ್ಲ, ಶೂ ಕೊಂಡಿಲ್ಲ. ಕೆಲಸವೇ ಹತ್ತಿಸ್ತು, ಕೆಲಸವೇ ಇಳಿಸ್ತು.

ಈಗ ನಮ್ಮಮ್ಮನ ವಿಷಯಕ್ಕೆ ಬರ್ತೀನಿ. ಶುಗರ್ ಇದೆ, ಸ್ವಲ್ಪ ಮಂಡಿ ನೋವೂ ಇದೆ. ಡಾಕ್ಟರು "ದಿನಾ ಅರ್ಧ ಗಂಟೆ ವಾಕ್ ಮಾಡಿ ಅಮ್ಮಾ" ಅಂದ್ರು, ಅಮ್ಮ "ಆಯ್ತು ಡಾಕ್ಟ್ರೇ" ಅಂದ್ರು. ತಿಂಡಿ, ಡಬ್ಬಿ, ಪಾತ್ರೆ, ಬಟ್ಟೆ ಎಲ್ಲಾ ಮುಗ್ಸಿ ಹೊರಡೋಷ್ಟರಲ್ಲಿ ಹತ್ತೂವರೆ ಆಗಿರ್ತಿತ್ತು, ಪಾರ್ಕ್ ಗೇಟಿಗೆ ಹತ್ತು ಗಂಟೆಗೇ ಬೀಗ. ಬೆಳಿಗ್ಗೆ ಆರಕ್ಕೆ ಯಾರ ಕೈಗೆ ಕಾಫಿ ಲೋಟ ತಂದು ಕೊಡೋರು ಇದ್ದಾರೋ ಅಂಥವರಿಗೆ ಮಾಡಿದ ಟೈಮಿಂಗ್ ಅದು.

ಹೋದ ವರ್ಷಕ್ಕಿಂತ ಈ ವರ್ಷ ಜನ ಸೋಮಾರಿ ಆದ್ರು ಅಂತ ಬೈಯೋದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಚಟುವಟಿಕೆ, ಅಂದ್ರೆ ಬಿರುಸಾಗಿ ನಡೆಯೋದೂ ಸಾಕು. 2022ರ ಅಂದಾಜಿನ ಪ್ರಕಾರ ಪ್ರಪಂಚದ ವಯಸ್ಕರಲ್ಲಿ 31% ಜನ ಅಷ್ಟೂ ಮಾಡಲ್ಲ. ಭಾರತದಲ್ಲಿ ಹತ್ತಿರ ಹತ್ತಿರ ಅರ್ಧ ಜನ, 2000ರಲ್ಲಿ ಇದು ಸುಮಾರು 22% ಇತ್ತು. ಗಂಡಸರನ್ನ ಹೆಂಗಸರನ್ನ ಬೇರೆ ಮಾಡಿ ನೋಡಿದ್ರೆ ಗಂಡಸರು 42%, ಹೆಂಗಸರು 57%. ಇಪ್ಪತ್ತು ವರ್ಷದಲ್ಲಿ ಒಂದು ದೇಶದ ಇಷ್ಟೊಂದು ಜನಕ್ಕೆ ಒಟ್ಟಿಗೇ ಸೋಮಾರಿತನ ಹತ್ತಿಕೊಳ್ತಾ? ನಂಗೆ ನಂಬಿಕೆ ಇಲ್ಲ. ಕೆಲಸ ಕುರ್ಚಿಗೆ ಬಂತು, ಅಂಗಡಿ ಫೋನಿಗೆ ಬಂತು, ನಡೆಯೋ ದಾರಿ ಪಾರ್ಕಿಂಗ್ ಆಯ್ತು.

ಅದಕ್ಕೇ 2019ರ ಫಿಟ್ ಇಂಡಿಯಾ ಥರದ ಅಭಿಯಾನಗಳ ಬಗ್ಗೆ ನಂಗೆ ದ್ವೇಷ ಇಲ್ಲ, ಆದ್ರೆ ಜಾಸ್ತಿ ನಿರೀಕ್ಷೆಯೂ ಇಲ್ಲ. ಪೋಸ್ಟರ್ ನೋಡಿ ಓಡೋಕೆ ಶುರು ಮಾಡೋನು ಮೊದಲೇ ಶೂ ಇಟ್ಕೊಂಡಿರ್ತಾನೆ.

ಫುಟ್‌ಪಾತ್ ವಿಷಯ ತಗೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮಾವಳಿ ಪ್ರಕಾರ ನಡೆಯೋಕೆ ಕಮ್ಮಿ ಅಂದ್ರೂ 1.8 ಮೀಟರ್ ಅಗಲ ಜಾಗ ಖಾಲಿ ಇರ್ಬೇಕು, ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಾನು ಒಂದಿನ ಟೇಪ್ ತಗೊಂಡು ಹೋಗಿ ನಮ್ಮ ರಸ್ತೇಲಿ ಅಳೆದೆ, ಪಕ್ಕದ ಅಂಗಡಿಯವರು ಜಾಗ ಮಾರ್ತಿದೀರಾ ಅಂತ ಕೇಳಿದ್ರು. ಎತ್ತರ 31 ಸೆಂಟಿಮೀಟರ್ ಬಂತು. ಅಷ್ಟು ಎತ್ತರ ಹತ್ತಿ, ಹತ್ತು ಹೆಜ್ಜೆ ಹಾಕಿ, ಟ್ರಾನ್ಸ್‌ಫಾರ್ಮರ್ ಬಂತು ಅಂತ ಇಳಿದು, ಮತ್ತೆ ಹತ್ತಿ, ಅಲ್ಲಾಡೋ ಮೋರಿ ಚಪ್ಪಡಿ ದಾಟಿ, ಹಿಂದಿಂದ ಹಾರ್ನ್ ಹೊಡ್ಕೊಂಡು ಫುಟ್‌ಪಾತ್ ಮೇಲೇ ಬರೋ ಸ್ಕೂಟರಿಗೆ ಜಾಗ ಬಿಟ್ಟು... ಮಂಡಿ ನೋವಿರೋರು ಏನ್ ಮಾಡ್ತಾರೆ, ರಸ್ತೆ ಮೇಲೇ ನಡೀತಾರೆ ಇಲ್ಲಾ ಮನೇಲೇ ಕೂತಿರ್ತಾರೆ. ಹಾಗಂತ ಈ ಊರಿಗೆ ಮಾಡೋಕೆ ಬರಲ್ಲ ಅಂತಲೂ ಅಲ್ಲ. ಟೆಂಡರ್ ಶ್ಯೂರ್ ಅನ್ನೋ ಯೋಜನೇಲಿ ಫುಟ್‌ಪಾತ್ ಹೊಸದಾಗಿ ಮಾಡಿದ ಸೇಂಟ್ ಮಾರ್ಕ್ಸ್ ರೋಡಲ್ಲೋ ಕನ್ನಿಂಗ್‌ಹ್ಯಾಮ್ ರೋಡಲ್ಲೋ ಒಮ್ಮೆ ನಡೆದು ನೋಡಿ, ಮಾತಾಡ್ತಾ ಇಬ್ರು ಪಕ್ಕಪಕ್ಕ ಹೋಗಬಹುದು. ಅದೇ ಕೆಲಸ ಕಾಮಾಕ್ಷಿಪಾಳ್ಯದಂಥ ಏರಿಯಾಗೆ ಯಾವಾಗ ಬರುತ್ತೆ ಅನ್ನೋದೇ ನನ್ನ ತಕರಾರು.

ಬಸ್ಸು, ಮೆಟ್ರೋ ಕೂಡ ಆರೋಗ್ಯ ಇಲಾಖೆ ಕೆಲಸವೇ ಅಂತ ನನ್ನ ವಾದ. ಅಮೆರಿಕದಲ್ಲಿ 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬಸ್ಸು ರೈಲಲ್ಲಿ ಓಡಾಡೋರಲ್ಲಿ ಅರ್ಧ ಜನ ಸ್ಟಾಪಿಗೆ ಹೋಗಿ ಬರೋದ್ರಲ್ಲೇ ದಿನಕ್ಕೆ 19 ನಿಮಿಷ ಇಲ್ಲಾ ಅದಕ್ಕಿಂತ ಜಾಸ್ತಿ ನಡೀತಿದ್ರು. ವಾರ ಪೂರ್ತಿ ದಿನಾ 19 ನಿಮಿಷ ಹಾಗೆ ನಡೆದ್ರೂ ಆ 150 ನಿಮಿಷದಲ್ಲಿ ಬಹುಪಾಲು ಮುಗಿದೇ ಹೋಗುತ್ತೆ, ಜಿಮ್ ಫೀಸಿಲ್ಲದೆ. ಮನೆ ಬಾಗಿಲಿಂದ ಆಫೀಸ್ ಬೇಸ್‌ಮೆಂಟ್ ತನಕ ಸ್ಕೂಟರಲ್ಲಿ ಹೋಗೋನಿಗೆ ಆ 19 ನಿಮಿಷ ಇಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆದಾಗ ಎಲ್ರೂ ಜೇಬಿನ ಲೆಕ್ಕ ಮಾತಾಡಿದ್ರು, ಹೆಜ್ಜೆ ಲೆಕ್ಕ ಯಾರೂ ಮಾತಾಡ್ಲಿಲ್ಲ.

ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಒಂದು ಪದ್ಧತಿ ಇದೆ, ಸಿಕ್ಲೊವಿಯಾ ಅಂತ. ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರ ತನಕ ಊರಿನ ನೂರಿಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ದೊಡ್ಡ ರಸ್ತೆಗಳಲ್ಲಿ ಗಾಡಿ ಬಂದ್, ಜನ ಸೈಕಲ್ ಹೊಡೀತಾರೆ, ನಡೀತಾರೆ, ಕುಣೀತಾರೆ. ಖರ್ಚು ಲೆಕ್ಕ ಹಾಕಿದ್ರೆ ವರ್ಷಕ್ಕೆ ಒಬ್ಬರಿಗೆ ಸುಮಾರು 6 ಡಾಲರ್. ನಮ್ಮಲ್ಲೂ 2020ರ ನವೆಂಬರಿಂದ ಕೆಲವು ತಿಂಗಳು ವೀಕೆಂಡಲ್ಲಿ ಚರ್ಚ್ ಸ್ಟ್ರೀಟಿಗೆ ಗಾಡಿ ಬಿಡ್ತಿರ್ಲಿಲ್ಲ, ಎಷ್ಟ್ ಚೆನ್ನಾಗಿತ್ತು ಗೊತ್ತಾ! ಆಮೇಲೆ ನಿಂತೋಯ್ತು. ಭಾನುವಾರದ ಕಬ್ಬನ್ ಪಾರ್ಕ್ ಇದೆ ಬಿಡಿ, ಅಲ್ಲಿ ಮಕ್ಕಳು ರಸ್ತೆ ಮಧ್ಯದಲ್ಲೇ ಸ್ಕೇಟಿಂಗ್ ಮಾಡ್ತಾ ಇರೋದು ನೋಡೋಕೇ ಖುಷಿ, ಆದ್ರೆ ಅಲ್ಲಿಗೆ ಹೋಗೋಕೆ ನಮ್ಮ ಏರಿಯಾದಿಂದ ಆಟೋ ಹಿಡೀಬೇಕು.

2024ರಲ್ಲಿ ಪಾರ್ಕುಗಳನ್ನ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತ ಸರ್ಕಾರ ಹೇಳ್ತು. ಒಂದು ಇಟ್ಟಿಗೆ ಇಡ್ಲಿಲ್ಲ, ಬೀಗ ತೆಗೆದ್ರು ಅಷ್ಟೇ. ಅಮ್ಮ ಈಗ ಸೀರಿಯಲ್ ಮುಗ್ಸಿ ಎಂಟೂವರೆಗೆ ಹೊರಡ್ತಾರೆ, ಪಕ್ಕದ ಮನೆ ಆಂಟಿಯೂ ಜೊತೆಗೆ. ಪಾರ್ಕ್ ತಿರುವಲ್ಲಿ ಎರಡು ಲೈಟ್ ಕಂಬ ಉರಿಯಲ್ಲ, ಅಲ್ಲೀವರೆಗೂ ನಾನು ಟಾರ್ಚ್ ಹಾಕ್ಕೊಂಡು ಬಿಟ್ಟು ಬರ್ಬೇಕು, ಒಂಬತ್ತಕ್ಕೆ ಮತ್ತೆ ಹೋಗಿ ಕರ್ಕೊಂಡು ಬರ್ಬೇಕು. ನಿನ್ನೆ ಫೋನ್ ನೋಡಿದ್ರೆ ನಂದೇ ಹೆಜ್ಜೆ ಅಮ್ಮಂದಕ್ಕಿಂತ ಜಾಸ್ತಿ ಇತ್ತು.