ಮಾಸ್ಟ್ರ ಹಾರೆಯೂ ಶೇಡಿ ಮಣ್ಣೂ

ಮಣಿಪಾಲದ ಆಸುಪಾಸಿನ ಗುಡ್ಡೆಗಳಲ್ಲಿ ಮೌಂಟೇನ್ ಬೈಕ್ ಓಡಿಸುವ ನಮ್ಮ ಬಳಗ ಮೊನ್ನೆ ಒಬ್ಬ ನಿವೃತ್ತ ಮಾಸ್ಟ್ರಿಗೆ ಸನ್ಮಾನ ಮಾಡಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಕ್ರಮಪ್ರಕಾರ. ಮಾಸ್ಟ್ರು ಸೈಕಲ್ ತುಳಿಯುವುದು ಕಡಿಮೆ, ಹಾರೆ ಹಿಡಿಯುವುದೇ ಜಾಸ್ತಿ. ಭಾಷಣ ಮಾಡಿದವರೆಲ್ಲ ಅವರ ನಿಸ್ವಾರ್ಥ ಸೇವೆಯನ್ನು ಹೊಗಳಿದರು. ಆ ಸೇವೆ ಎಂಥದ್ದು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ರಸ್ತೆ, ಚರಂಡಿ ಕೆಲಸದಲ್ಲೇ ಇರುವ ಸಿವಿಲ್ ಇಂಜಿನಿಯರ್ ಆಗಿ ನಾನು ಹೇಳುತ್ತೇನೆ: ನಮ್ಮ ಸೈಕಲ್ ಹಾದಿ ಮಳೆನೀರಿಗೆ ಕೊರೆದು ಹೋಗದ ಹಾಗೆ ಅವರು ಮಾಡುವ ಕೆಲಸ ಪಕ್ಕಾ ಇಂಜಿನಿಯರಿಂಗ್.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಗುಡ್ಡೆಯ ನೆತ್ತಿಯಲ್ಲಿರುವುದು ಮುರಕಲ್ಲು, ಅಂದರೆ ಲ್ಯಾಟರೈಟ್. ಅದು ಗಾಳಿ ತಾಗಿದಷ್ಟೂ ಗಟ್ಟಿ. ಅದರಡಿಯ ಶೇಡಿ ಮಣ್ಣಿನ ಕಥೆ ಬೇರೆ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತಿರುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಂಡು ಕರಗಿ ಹರಿಯುತ್ತದೆ. ನಮ್ಮ ಕಡೆ ರಸ್ತೆಗಾಗಿ ಕಡಿದ ಗುಡ್ಡೆ ಮಳೆಗಾಲದಲ್ಲಿ ಜರಿಯುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ ಶೇಡಿ. ಸುರತ್ಕಲ್‌ನ ಇಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಇದರ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ನೆತ್ತಿಯಿಂದ ಇಳಿಯುವ ನಮ್ಮ ಹಾದಿ ಇದರ ಮೇಲೆಯೇ ಹಾಯಬೇಕು.

ಚಕ್ರ ಓಡಿ ಓಡಿ ಹಾದಿಯ ನಡುವೆ ತಗ್ಗು ಬೀಳುತ್ತದೆ. ಎದ್ದ ಮಣ್ಣು ಹೊರ ಅಂಚಿಗೆ, ಅಂದರೆ ಗುಡ್ಡೆ ಇಳಿಯುವ ಬದಿಗೆ, ಸೇರಿ ಸಣ್ಣ ಬದುವಾಗುತ್ತದೆ. ಆಮೇಲೆ ಮಳೆನೀರಿಗೆ ಪಕ್ಕಕ್ಕೆ ಇಳಿಯಲು ಜಾಗವಿಲ್ಲ, ಹಾದಿಯ ಉದ್ದಕ್ಕೂ ಓಡುತ್ತದೆ. ದೂರ ಓಡಿದಷ್ಟು ವೇಗ, ವೇಗ ಹೆಚ್ಚಿದಷ್ಟು ಕೊರೆತ. ಒಂದೆರಡು ಮಳೆಗಾಲ ಹೀಗೇ ಬಿಟ್ಟರೆ ಅದು ಹಾದಿಯಲ್ಲ, ತೋಡು.

ಮಾಸ್ಟ್ರು ಮೊದಲು ಆ ಬದುವನ್ನು ಕಡಿದು ಹಾಕುತ್ತಾರೆ. ಮತ್ತೆ ಹಾದಿಯನ್ನು ಹೊರಗಡೆಗೆ ಒಂಚೂರು ವಾಲಿಸುತ್ತಾರೆ. ಒಂದು ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್ ಸಾಕು, ಸವಾರನಿಗೆ ಗೊತ್ತೇ ಆಗುವುದಿಲ್ಲ. ಇಳಿಜಾರಿನಲ್ಲಿ ಹತ್ತು ಹದಿನೈದು ಮೀಟರಿಗೊಮ್ಮೆ ಹಾದಿಯನ್ನು ತಗ್ಗಿಸಿ ಪುನಃ ಏರಿಸುತ್ತಾರೆ. ನೀರು ಆ ಏರು ಹತ್ತಲಾರದೆ ಅಲ್ಲೇ ಹೊರಗಿಳಿಯುತ್ತದೆ. ಹುಡುಗರು ಅದನ್ನು ಸೈಕಲ್ ಹಾರಿಸಲಿಕ್ಕೆ ಮಾಡಿದ್ದು ಅಂದುಕೊಂಡಿದ್ದಾರೆ, ಇರಲಿ.

ಅಮೆರಿಕದಲ್ಲಿ 1988ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘ ಇದಕ್ಕೆ ಎರಡು ಲೆಕ್ಕ ಕೊಡುತ್ತದೆ. ಹಾದಿಯ ಇಳಿಜಾರು ಗುಡ್ಡೆಯ ಇಳಿಜಾರಿನ ಅರ್ಧ ಮೀರಬಾರದು. ಸರಾಸರಿ ಶೇ. 10, ಅಂದರೆ ನೂರು ಮೀಟರಿಗೆ ಹತ್ತು ಮೀಟರ್ ಇಳಿತ, ದಾಟಬಾರದು. ಗುಡ್ಡೆ ಶೇ. 16 ಇಳಿಜಾರಿದ್ದರೆ ಹಾದಿ ಹೆಚ್ಚೆಂದರೆ 8. ಅದಕ್ಕಿಂತ ಕಡಿದಾದರೆ ನೀರು ಅಡ್ಡ ದಾಟದೆ ಹಾದಿಯನ್ನೇ ಹಿಡಿಯುತ್ತದೆ. ಮಾಸ್ಟ್ರು ಇದನ್ನೆಲ್ಲ ಓದಿದವರಲ್ಲ. ಅಡಿಕೆ ತೋಟದಲ್ಲಿ ನೀರು ಹೋಗುವ ಕಣಿ ಬಿಡಿಸುತ್ತಾ ಬೆಳೆದವರಿಗೆ ನೀರಿನ ಓಟ ಕಣ್ಣಿಗೇ ಗೊತ್ತಾಗುತ್ತದೆ. ನಾನು ಸುಮ್ನೆ ಅಳೆದು ನೋಡಿದೆ. ಲೆಕ್ಕ ತಪ್ಪಿದ್ದು ಒಂದೇ ತಿರುವಿನಲ್ಲಿ. ಅಲ್ಲಿ ಆಗಲೇ ಮುರಕಲ್ಲಿನ ತುಂಡು ಹಾಸಿಟ್ಟಿದ್ದರು.

ಈ ಕೆಲಸ ಮುಗಿಯಬೇಕಾದ್ದು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ. ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಹಾರೆಯನ್ನೂ ಒಳಗಿಡಬೇಕು. ಮಳೆ ಹಿಡಿದ ಮೇಲೆ ಕೆದಕಿದ ಮಣ್ಣು ನಿಲ್ಲುವುದಿಲ್ಲ. ಆದರೆ ತಪಾಸಣೆ ಮಾತ್ರ ಜಡಿಮಳೆಯಲ್ಲೇ. ಮಾಸ್ಟ್ರು ಕೊಡೆ ಹಿಡಿದು ಹೊರಡುತ್ತಾರೆ. ನಾಳೆ ನೋಡಿದರಾಗದಾ ಅಂತ ಕೇಳಿದರೆ, "ಮಳೆ ಬರುವಾಗಲೇ ಬನ್ನಿ ಮಾರಾಯ್ರೆ, ಬಿಸಿಲಿಗೆ ಎಂತ ಗೊತ್ತಾಗ್ತದೆ?" ಅನ್ನುತ್ತಾರೆ.

ಅವರನ್ನು ನೋಡಿ ಹುಮ್ಮಸ್ಸು ಬಂದವರಿಗೆ ಒಂದು ಮಾತು. ಹಾರೆ ಎತ್ತುವ ಮೊದಲು ಜಾಗ ಯಾರದ್ದು ಅಂತ ಕೇಳಿಕೊಳ್ಳಿ. ಖಾಸಗಿ ಗುಡ್ಡೆಯಾದರೆ ಯಜಮಾನರ ಒಪ್ಪಿಗೆ ಬೇಕು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಹಾದಿ ಕಡಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು ಬೀಳುತ್ತದೆ.

ಹಾರೆ ಹಿಡಿಯಲು ಪುರುಸೊತ್ತಿಲ್ಲದವರೂ ಮಾಸ್ಟ್ರ ಕೆಲಸ ಉಳಿಸಬಹುದು. ಇಳಿಜಾರಿನಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ಎಳೆಸಬೇಡಿ. ಆ ಗೀರಿನಲ್ಲೇ ಮೊದಲ ನೀರು ಹರಿಯುವುದು. ಜೋರು ಮಳೆಯಾದರೆ ಹಾದಿ ಆರುವ ತನಕ ಶೇಡಿಯ ಕಡೆ ಇಳಿಯಬೇಡಿ. ಅಷ್ಟು ಚಟ ಇದ್ದರೆ ನೆತ್ತಿಯ ಮುರಕಲ್ಲಿನ ಮೇಲೆ ಸುತ್ತಿ. ಅಲ್ಲಿ ಹಾದಿಗೆ ಏನೂ ಆಗುವುದಿಲ್ಲ. ಪಾಚಿಗೆ ಜಾರಿ ನೀವು ಬಿದ್ದರೆ ಅದು ಬೇರೆ ವಿಷಯ.